ನಿದ್ದೆಪ್ಪನ ಗೊರಕೆ

ಗೊಂಬೆ ಗೊರಕೆ ಹೊಡೆಯಲು ಶುರುಮಾಡಿದ ಕೂಡಲೇ, ಸಮುದಾಯ ಭವನದ ಜಮಖಾನೆಯ ಮೇಲೆ ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕನೆ ನಕ್ಕರು.

"ಎಷ್ಟ್ ಚಂದ ಮಲಗ್ಯಾನ್ರಿ! ಥೇಟ್ ನಮ್ಮನಿಯವ್ರಂಗ," ಎಂದಳು ಮುಂದಿನ ಸಾಲಿನ ಶರಣವ್ವ.

"ಇವಂಗೊಂದು ಹೆಸರಿಡ್ರಿ ಅಕ್ಕಾರ. ನಿದ್ದೆಪ್ಪ ಅಂತ ಇಡ್ರಿ," ಎಂದು ಹಿಂದಿನಿಂದ ಯಾರೋ ಕೂಗಿದರು. ಮತ್ತೆ ನಗು.

ಡಾಕ್ಟರ್ ಕುಮುದಿನಿ ಅರಳಿಕಟ್ಟಿ ನಗಲಿಲ್ಲ, ನಗಬೇಡಿರೆಂದೂ ಅನ್ನಲಿಲ್ಲ. ಯಾವ ಊರಿಗೆ ಹೋದರೂ ಮೊದಲ ದಿನ ಇದೇ ಕತೆ. ಗೊಂಬೆ ಪ್ರಾಯದ ಗಂಡಸಿನ ಅಳತೆಯದು. ಮುಟ್ಟಿದರೆ ಬೆಚ್ಚಗಿರುತ್ತಿತ್ತು, ಎದೆ ಏರಿ ಇಳಿಯುತ್ತಿತ್ತು, ಗಲ್ಲದ ಮೇಲೆ ಕುರುಚಲು ಗಡ್ಡ ಕೂಡ ಇತ್ತು. ಗೊರಕೆ ದಪ್ಪಗೆ, ಗಂಟಲಲ್ಲಿ ನೀರು ಸಿಕ್ಕಿಕೊಂಡ ಹಾಗೆ ಗೊಳಗೊಳ ಅನ್ನುತ್ತಿತ್ತು. ಒಂದು ಗೊರಕೆಗೂ ಇನ್ನೊಂದಕ್ಕೂ ನಡುವಿನ ಬಿಡುವು ಬೆಳೆಯುತ್ತ ಹೋಯಿತು. ತುಟಿಗೆ ನೇರಳೆ ಹಣ್ಣು ತಿಂದವರ ಬಣ್ಣ ಬಂತು. ಯಾರೂ ಅದನ್ನು ಗಮನಿಸಲಿಲ್ಲ.

"ಈಗ ಏನ್ ಮಾಡ್ತೀರಿ?" ಎಂದು ಕುಮುದಿನಿ ಕೇಳಿದಳು.

"ಏನ್ ಮಾಡೂದ್ರಿ? ರಾತ್ರಿಪಾಳಿ ಮಾಡಿ ಬಂದಿರ್ತಾನ. ಮಲಗ್ಲಿ ಬಿಡ್ರಿ," ಎಂದಳು ಶರಣವ್ವ.

ಗೊರಕೆ ನಿಂತಿತು. ನಗುವೂ ಮೆಲ್ಲಗೆ ಇಳಿಯಿತು. ಕುಮುದಿನಿ ಶರಣವ್ವನನ್ನು ಹತ್ತಿರ ಕರೆದು ಅವಳ ಅಂಗೈಯನ್ನು ಗೊಂಬೆಯ ಎದೆಯ ಮೇಲಿಟ್ಟಳು. ಎದೆ ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಶರಣವ್ವ ಕೈಯನ್ನು ಸರಕ್ಕನೆ ಹಿಂದೆಳೆದುಕೊಂಡಳು.

"ಯವ್ವಾ, ತಣ್ಣಗಾಗಾಕತ್ತಾನ!"

"ಹೌದು. ನೀವೆಲ್ಲಾರೂ ನೋಡ್ಕೋತ ಕೂತಾಗ ಸತ್ತ. ಇವತ್ತ ಇಂವ ಮತ್ತ ಏಳೂದಿಲ್ಲ. ನಾಳೆ ಬರ್ರಿ," ಎಂದು ಕುಮುದಿನಿ ಗೊಂಬೆಯ ಮುಖದ ಮೇಲೆ ಬಟ್ಟೆ ಎಳೆದಳು.

ಸತ್ತ ಗೊಂಬೆ ಆ ದಿನ ಮತ್ತೆ ಏಳಬಾರದು ಎಂಬುದು ಅವಳೇ ಇಟ್ಟ ಕಟ್ಟಳೆ. ಗುಂಡಿ ಒತ್ತಿದರೆ ಎದ್ದು ಕೂರುವ ಹೆಣವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಯಂತ್ರ ಕೆಟ್ಟಿದೆಯೆಂದು ಮೇಲಧಿಕಾರಿಗಳು ಎರಡು ಸಲ ದೂರು ಬರೆದರೂ ಅವಳು ಅದನ್ನು ಬದಲಿಸಲಿಲ್ಲ. ಹಟಮಾರಿ ಹೆಂಗಸು.

ಊರಿನ ಹೆಸರು ನವಲಿಕಟ್ಟಿ. ಗದಗದಿಂದಾಚೆ, ಬ್ಯಾಟರಿ ಕಾರ್ಖಾನೆಯೊಂದರ ಸುತ್ತ ಬೆಳೆದದ್ದು. ಈಗಿನಿಂದ ಮೂವತ್ತು ಮೂವತ್ತೈದು ವರ್ಷ ಮುಂದಕ್ಕೆ ಹೋಗಿ ನಿಂತು ನೋಡಿದರೆ ಕಾಣುವ ಊರು ಅದು. ಹನ್ನೆರಡು ತಾಸಿನ ಪಾಳಿ, ಇಡೀ ರಾತ್ರಿ ಭಾರದ ಪೆಟ್ಟಿಗೆ ಎತ್ತಿಡುವ ಕೆಲಸ. ಹರೆಯದ ಹುಡುಗರ ಸೊಂಟವೂ ವರ್ಷದೊಳಗೆ ಹಿಡಿದುಕೊಳ್ಳುತ್ತಿತ್ತು. ನೋವು ಮರೆಯಲು ಅವರು ನುಂಗುತ್ತಿದ್ದ ಗುಳಿಗೆಗೆ 'ಸೊಂಟದ ಗುಳಗಿ' ಎಂದೇ ಹೆಸರು. ಅದು ಅಫೀಮಿನ ವಂಶದ ಔಷಧ, ಕಳ್ಳದಾರಿಯಲ್ಲಿ ತಯಾರಾದದ್ದು. ಒಂದರಲ್ಲಿ ಎಷ್ಟು ವಿಷ ಇದೆ ಎಂದು ಮಾರುವವನಿಗೂ ತಿಳಿಯದು.

ಕುಮುದಿನಿ ಅರಿವಳಿಕೆ ವೈದ್ಯೆ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ರೋಗಿಯ ಪ್ರಜ್ಞೆ ತಪ್ಪಿಸಿ, ಅವನ ಉಸಿರನ್ನು ಕಾಯುವುದು ಅವಳ ವೃತ್ತಿ. ಈ ಜಾತಿಯ ಗುಳಿಗೆ ನೋವನ್ನಷ್ಟೇ ಅಡಗಿಸುವುದಿಲ್ಲ. ಪ್ರಮಾಣ ಮೀರಿದರೆ, ಉಸಿರಾಡು ಎಂದು ಮಿದುಳು ಎದೆಗೆ ಕೊಡುವ ಅಪ್ಪಣೆಯನ್ನೂ ಅಡಗಿಸುತ್ತದೆ. ಗಂಟಲು ಸಡಿಲಾಗಿ ನಾಲಗೆ ಹಿಂದಕ್ಕೆ ಬೀಳುತ್ತದೆ. ಅದರ ಸಂದಿಯಿಂದ ಉಸಿರು ತೂರಿ ಬರುವ ಸದ್ದು ಕೇಳುವವರಿಗೆ ಗೊರಕೆಯಂತೆ ಇರುತ್ತದೆ. ಪಕ್ಕದಲ್ಲಿದ್ದವರು ಒಳ್ಳೆ ನಿದ್ದೆ ಬಂದಿದೆ ಎಂದುಕೊಳ್ಳುತ್ತಾರೆ. ಇದಕ್ಕೆ ಮದ್ದು ನಾಲೊಕ್ಸೋನ್. ಮೂಗಿನೊಳಗೆ ಸಿಂಪಡಿಸಿದರೆ ಸಾಕು, ಮಿದುಳಿನಲ್ಲಿ ಗುಳಿಗೆ ಹಿಡಿದು ಕೂತ ಜಾಗದಿಂದ ಅದನ್ನು ಎಬ್ಬಿಸಿ ಓಡಿಸುತ್ತದೆ, ಉಸಿರು ಮರಳುತ್ತದೆ. ಆದರೆ ಸಿಂಪಡಿಸಲು ಒಂದು ಕೈ ಬೇಕು, ಅದಕ್ಕೂ ಮೊದಲು ಆ ಸದ್ದು ನಿದ್ದೆಯದಲ್ಲ ಎಂದು ತಿಳಿದ ಕಿವಿ ಬೇಕು. ಆ ಕಿವಿಯನ್ನು ಪಳಗಿಸಲೆಂದೇ ಅವಳು ಗೊಂಬೆ ಮಾಡಿದ್ದು.

ಗೊಂಬೆಯ ಎದೆಯಲ್ಲಿದ್ದದ್ದು ಕಲ್ಪಿಸಿದ ಉಸಿರಲ್ಲ, ನಿಜವಾಗಿ ಸತ್ತವರದು. ಯಂತ್ರದ ಮುಂದೆ ತೂಕಡಿಸುವವರನ್ನು ಹಿಡಿಯಲು ಕಾರ್ಖಾನೆಗಳು ಕೆಲಸಗಾರರ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟುತ್ತಿದ್ದವು. ಅದು ಉಸಿರು, ರಕ್ತದ ಆಮ್ಲಜನಕ, ಸುತ್ತಲಿನ ಸದ್ದು ಎಲ್ಲವನ್ನೂ ದಾಖಲಿಸುತ್ತಿತ್ತು. ಪಾಳಿ ಮುಗಿದ ಮೇಲೂ ದಾಖಲಿಸುತ್ತಿತ್ತು, ಆದರೆ ಯಾರಿಗೂ ಹೇಳುತ್ತಿರಲಿಲ್ಲ. ಮನೆಯಲ್ಲಿ ಮಲಗಿದವನ ಉಸಿರು ಕಾರ್ಖಾನೆಗೆ ಬೇಕಾಗಿರಲಿಲ್ಲ. ಸತ್ತವರ ದಾಖಲೆಗಳು ಹೆಸರು ಅಳಿಸಿಕೊಂಡು ಆರೋಗ್ಯ ಇಲಾಖೆಯಲ್ಲಿ ಬಿದ್ದಿದ್ದವು. ಕುಮುದಿನಿ ಅವನ್ನು ತಂದು, ಒಂದೊಂದು ದೇಹಕ್ಕೂ ಯಾವ ಹಂತದಲ್ಲಿ ಮದ್ದು ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕಹಾಕಿ ತೋರಿಸುವುದನ್ನು ಗೊಂಬೆಗೆ ಕಲಿಸಿದಳು. ಹೊತ್ತಿಗೆ ಸರಿಯಾಗಿ ಮದ್ದು ಸಿಂಪಡಿಸಿದರೆ, ನಿಜದಲ್ಲಿ ಸತ್ತಿದ್ದವನು ಗೊಂಬೆಯೊಳಗೆ ಬದುಕುತ್ತಿದ್ದ.

ನವಲಿಕಟ್ಟಿಯಲ್ಲಿ ಕಲಿಸುವುದು ಬೇರೆ ಊರಿಗಿಂತ ಕಷ್ಟವಾಯಿತು. ಅಲ್ಲೊಂದು ರೂಢಿ ಇತ್ತು. ರಾತ್ರಿಪಾಳಿಯವನು ಮನೆಗೆ ಬಂದು ಮಲಗಿದರೆ ಬಾಗಿಲ ಚಿಲಕಕ್ಕೆ ಒಂದು ಟವೆಲ್ಲು ಕಟ್ಟುತ್ತಿದ್ದರು. ಟವೆಲ್ಲು ಕಂಡರೆ ತರಕಾರಿಯವಳು ಕೂಗುವಂತಿಲ್ಲ, ಮಕ್ಕಳು ಆಡುವಂತಿಲ್ಲ, ಒಳಗೆ ಕುಕ್ಕರ್ ಸೀಟಿ ಹಾಕುವಂತಿಲ್ಲ. ದುಡಿದು ಬಂದವನ ನಿದ್ದೆ ಕಾಯುವುದು ಆ ಊರಿನ ಹೆಂಗಸರಿಗೆ ಮಾನದ ಮಾತಾಗಿತ್ತು. ಅಂಥವರಿಗೆ ಮಲಗಿದವನ ಭುಜ ಹಿಡಿದು ಅಲುಗಿಸಿ, ಹೆಸರು ಹಿಡಿದು ಕೂಗಿ, ಏಳದಿದ್ದರೆ ಬೆರಳಗೆಣ್ಣುಗಳಿಂದ ಎದೆಮೂಳೆಯನ್ನು ಗಟ್ಟಿಯಾಗಿ ಉಜ್ಜಿ ಎಂದರೆ ಹೇಗಾಗಬೇಡ! ಗೊಂಬೆಯನ್ನು ಮುಟ್ಟಲೂ ಕೆಲವರು ನಾಚಿದರು. ಒಬ್ಬಳಂತೂ ನಿಶೆ ಇಳಿಯಲಿ ಎಂದು ಅದರ ಬಾಯಿಗೆ ನಿಂಬೆರಸ ಹಿಂಡಿದಳು. ಎಚ್ಚರವಿಲ್ಲದವನಿಗೆ ಏನು ಕುಡಿಸಿದರೂ ಅದು ಶ್ವಾಸಕೋಶಕ್ಕೇ ಇಳಿಯುತ್ತದೆ. ಗೊಂಬೆ ಅವತ್ತು ಇನ್ನೂ ಬೇಗ ಸತ್ತಿತು.

ಫಕೀರವ್ವ ಬಂದದ್ದು ಎರಡನೇ ವಾರ. ಕಾರ್ಖಾನೆಯ ಕ್ಯಾಂಟೀನಿಗೆ ರೊಟ್ಟಿ ಬಡಿದುಕೊಡುವ ಹೆಂಗಸು, ಗಂಡ ಇಲ್ಲ. ಇದ್ದೊಬ್ಬ ಮಗ ಮೈಲಾರಿ ಹಿಂದಿನ ವರ್ಷ ತೀರಿಹೋಗಿದ್ದ. ಅವಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು, ಒಳಗೆ ಗೊಂಬೆ ಹೊಸದೊಂದು ದಾಖಲೆಯ ಉಸಿರು ತೆಗೆದುಕೊಂಡು ಗೊರಕೆ ಶುರುಮಾಡಿತ್ತು. ಆ ಗೊರಕೆಯ ಕೊನೆಗೆ ಪ್ರತಿ ಸಲ ಮೂಗಿನಿಂದ ಸಣ್ಣಗೆ ಸಿಳ್ಳೆಯಂಥ ಸದ್ದು ಬರುತ್ತಿತ್ತು.

ಫಕೀರವ್ವ ನಿಂತಲ್ಲೇ ನಿಂತಳು. "ಇದು ನಮ್ಮ ಮೈಲಾರಿ," ಎಂದಳು.

"ಅವ್ವಾರ, ಇದರಾಗ ಯಾರ ಹೆಸರೂ ಇಲ್ಲ," ಎಂದು ಕುಮುದಿನಿ ಹೇಳಹೊರಟಳು.

"ಕಬಡ್ಡಿ ಆಡಾಕ ಹೋಗಿ ಮೂಗ ಮುರಕೊಂಡಿದ್ದ. ಅವತ್ತಿಂದ ಹಿಂಗ ಸಿಳ್ಳಿ ಹೊಡಿತಿದ್ದ. ನನ್ನ ಮಗನ ಗೊರಕಿ ನನಗ ಗೊತ್ತಾಗೂದಿಲ್ಲೇನ್ರಿ?"

ಯಾರೂ ಕಲಿಸದೆಯೇ ಅವಳು ಗೊಂಬೆಯ ಮೇಲೆ ಬಿದ್ದು, ಭುಜ ಹಿಡಿದು ಅಲುಗಿಸಿದಳು. "ಏಳೋ ಎಪ್ಪಾ! ಮೈಲಾರಿ, ಏಳೋ!" ಕುಮುದಿನಿ ಓಡಿ ಬಂದು ಮದ್ದಿನ ಸೀಸೆಯನ್ನು ಅವಳ ಕೈಗಿಟ್ಟು, ಗೊಂಬೆಯ ತಲೆಯನ್ನು ಹಿಂದಕ್ಕೆ ಬಾಗಿಸಿ ತೋರಿಸಿದಳು. ಫಕೀರವ್ವ ಸಿಂಪಡಿಸಿದಳು. ಹೇಳಿಕೊಟ್ಟ ಹಾಗೆ ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಉಸಿರು ಊದಿದಳು. ಗೊಂಬೆ ದೊಡ್ಡದಾಗಿ ಒಂದು ಉಸಿರೆಳೆಯಿತು. ತುಟಿ ಕೆಂಪಗಾಯಿತು. ಫಕೀರವ್ವ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋ ಎಂದು ಅತ್ತಳು. ಭವನದಲ್ಲಿದ್ದವರೆಲ್ಲ ಅತ್ತರು. ಕುಮುದಿನಿಗೂ ತಡೆಯಲಾಗಲಿಲ್ಲ.

ಆಮೇಲೆ ಅವಳು ದಿನಾ ಬಂದಳು. ಅದೇ ಉಸಿರು ಬೇಕು ಎನ್ನುತ್ತಿದ್ದಳು, ದಿನಾ ಮಗನನ್ನು ಉಳಿಸುತ್ತಿದ್ದಳು. ಮದ್ದಿನ ಶಕ್ತಿ ಗುಳಿಗೆಗಿಂತ ಬೇಗ ಇಳಿಯುತ್ತದೆ, ಎದ್ದವನು ಮತ್ತೆ ಮುಳುಗಬಹುದು, ಆಂಬುಲೆನ್ಸ್ ಬರುವ ತನಕ ಬಿಟ್ಟೇಳಬಾರದು ಎಂದು ಕುಮುದಿನಿ ಹೇಳಿದ್ದೇ ತಡ, ಗೊಂಬೆಯನ್ನು ಮಗ್ಗುಲಿಗೆ ಹೊರಳಿಸಿ ಅದರ ಪಕ್ಕದಲ್ಲೇ ಕೂತಿರುತ್ತಿದ್ದಳು. ಉಳಿದ ಹೆಂಗಸರು ಅವಳನ್ನು ನೋಡಿಯೇ ಕಲಿತರು. ತರಬೇತಿ ಚೆನ್ನಾಗಿ ನಡೆದಿದೆ ಎಂದು ಕುಮುದಿನಿಗೆ ಒಳಗೊಳಗೇ ಸಮಾಧಾನ. ಇಂಥ ಸಮಾಧಾನದ ಆಯುಷ್ಯ ಎಷ್ಟು ಎಂದು ವೈದ್ಯರಿಗಾದರೂ ಗೊತ್ತಿರಬೇಕಿತ್ತು.

ಒಂದು ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಫಕೀರವ್ವ ಉಳಿದುಕೊಂಡಳು.

"ಅಕ್ಕಾರ, ಒಂದ ಮಾತು. ಹೆಣ ಕೊಯ್ದ ಡಾಕ್ಟರ್ ನನಗ ಹೇಳಿದ್ರು, ಮಲಗಿದ ಕೂಡ್ಲೆ ಹೋಗ್ಯಾನ, ಯಾರ ಇದ್ರೂ ಏನೂ ಮಾಡಾಕ ಆಗ್ತಿರ್ಲಿಲ್ಲ ಅಂತ. ವರ್ಷಾತು, ಅದೊಂದ ಮಾತ ಹಿಡಕೊಂಡು ಉಂಡೇನಿ, ಮಲಗೇನಿ. ಆದ್ರ ಈ ನಿಮ್ಮ ಗೊಂಬಿ ಭಾಳ ಹೊತ್ತ ಗೊರಕಿ ಹೊಡಿತೈತಲ್ರಿ."

ಕುಮುದಿನಿ ಮದ್ದಿನ ಸೀಸೆಗಳನ್ನು ಡಬ್ಬಿಗೆ ತುಂಬತೊಡಗಿದಳು.

"ಬೆಳಿಗ್ಗೆ ಬಂದು ಮಲಗಿದ. ನಾ ರೊಟ್ಟಿ ಬಡಿಯಾಕ ಕೂಡೂಕಿಂತ ಮದ್ಲ ಇಣುಕಿ ನೋಡಿ ಬಾಗಲಾ ಮುಂದ ಮಾಡಿದೆ. ಅವಾಗ ಇದ್ನೇನ್ರಿ ಇಂವ? ಅವಾಗ ಈ ಮೂಗಿನ ಔಷಧ ಹಾಕಿದ್ರ ಏಳತಿದ್ನೇನು? ನಿಮ್ಮ ಗೊಂಬಿಗೆ ಗೊತ್ತಿರತೈತಿ. ಕೇಳಿ ಹೇಳ್ರಿ."

ಗೊಂಬೆಗೆ ಗೊತ್ತಿತ್ತು. ಅದನ್ನು ತಯಾರಿಸಿದವಳಿಗೆ ಮಾತ್ರ ಕೇಳುವ ಧೈರ್ಯವಿರಲಿಲ್ಲ.

ಮರುದಿನ ಬೆಳಿಗ್ಗೆ ಕುಮುದಿನಿ ತನ್ನ ಬಾಡಿಗೆ ಕೋಣೆಯಲ್ಲಿ ಕೂತು ಆ ಮೂಲ ದಾಖಲೆಯನ್ನು ತೆರೆದಳು. ಗೊಂಬೆಗೆ ಹಾಕುವಾಗ ಉಸಿರನ್ನಷ್ಟೇ ಉಳಿಸಿಕೊಂಡು ಸುತ್ತಲಿನ ಸದ್ದನ್ನೆಲ್ಲ ಕಸವೆಂದು ಗುಡಿಸಿ ಹಾಕಿದ್ದವಳು ಅವಳೇ. ಈಗ ಆ ಕಸವನ್ನು ಕೇಳಿದಳು. ಗೊರಕೆಯ ಹಿಂದೆ ಪಾತ್ರೆಯ ಸದ್ದು. ಹಿಟ್ಟು ನಾದಿದ್ದು. ಯಾರೋ ಬಾಗಿಲು ತಟ್ಟಿದ್ದು, ಗಂಡುದನಿಯೊಂದು, ಪಾಳಿಯ ಜೊತೆಗಾರನದಿರಬೇಕು, ಗಾಬರಿಯಲ್ಲಿ, "ಅವ್ವಾ, ಮೈಲಾರಿನ ಒಮ್ಮೆ ಎಬ್ಬಸ, ನೋಡೂಣು. ಆ ಗುಳಗಿ ಬ್ಯಾರೆ ಥರ ಇತ್ತು," ಎಂದದ್ದು. ಅದಕ್ಕೆ ಫಕೀರವ್ವನ ದನಿ, ಮೆತ್ತಗೆ, ಗದರುತ್ತ: "ಶ್! ಎಬ್ಬಿಸಬ್ಯಾಡ. ರಾತ್ರಿಯೆಲ್ಲಾ ದುಡದ ಬಂದಾನ. ಕೇಳ, ಹ್ಯಾಂಗ ಗೊರಕಿ ಹೊಡಿಯಾಕತ್ತಾನ. ಸಂಜಿಗೆ ಬಾ ದಾವಲ." ಬಾಗಿಲು ಮೆಲ್ಲಗೆ ಮುಚ್ಚಿದ ಸದ್ದು. ಆಮೇಲೆ ರೊಟ್ಟಿ ಬಡಿಯುವ ಸದ್ದು, ಪಟಪಟ, ಪಟಪಟ, ಬಹಳ ಹೊತ್ತು. ಅದರ ನಡುವೆ ಗೊರಕೆ ವಿರಳವಾಗುತ್ತ ಹೋಗಿ, ಒಂದು ರೊಟ್ಟಿಗೂ ಇನ್ನೊಂದಕ್ಕೂ ಮಧ್ಯೆ ನಿಂತಿತು. ರೊಟ್ಟಿ ಬಡಿಯುವುದು ನಿಲ್ಲಲಿಲ್ಲ.

ಕುಮುದಿನಿ ಲೆಕ್ಕ ನೋಡಿದಳು. ದಾವಲ ಬಂದಾಗ ಮೈಲಾರಿಯನ್ನು ಉಳಿಸಬಹುದಿತ್ತು. ಮೊದಲ ರೊಟ್ಟಿ ತಟ್ಟಿದಾಗಲೂ ಉಳಿಸಬಹುದಿತ್ತು. ಕೊನೆಗೆ ಬುಟ್ಟಿ ಅರ್ಧ ತುಂಬಿದಾಗ ಕೂಡ.

ಅವಳು ಸುಮ್ಮನಿರಲಾರದೆ ಬೇರೆಯವರ ದಾಖಲೆಗಳನ್ನೂ ಒಂದೊಂದಾಗಿ ತೆರೆದಳು. ಒಂದರ ಹಿಂದೆ ಟಿವಿ ಧಾರಾವಾಹಿ ನಡೆದಿತ್ತು. ಇನ್ನೊಂದರಲ್ಲಿ ಮಗುವೊಂದು ಮಗ್ಗಿ ಹೇಳುತ್ತಿತ್ತು. ಹೊಲಿಗೆ ಯಂತ್ರ, ಬಟ್ಟೆ ಒಗೆಯುವ ಕಲ್ಲು, ಹೆಂಡತಿ ಫೋನಿನಲ್ಲಿ ನಗುತ್ತ ಆಡಿದ ಮಾತು. ಒಂಟಿಯಾಗಿ ಸತ್ತವರು ತೀರ ಕಡಿಮೆ. ಹೆಚ್ಚಿನವರು ಮನೆಮಂದಿಯ ನಡುವೆಯೇ, ಕೂಗಳತೆಯೂ ಅಲ್ಲ, ಕೈಯಳತೆಯಲ್ಲಿ ಸತ್ತಿದ್ದರು. ಈ ಸದ್ದುಗಳನ್ನು ತಾನು ಇಷ್ಟು ವರ್ಷ ಕೇಳಿಸಿಕೊಳ್ಳಲೇ ಇಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಸುಳ್ಳು ಹೇಳಿಬಿಡೋಣ ಎಂದುಕೊಂಡೇ ಅವಳು ಭವನಕ್ಕೆ ಹೋದಳು. ವರ್ಷ ನಡೆದ ಸುಳ್ಳು ಇನ್ನಷ್ಟು ವರ್ಷ ನಡೆದರೆ ಯಾರ ಗಂಟೇನು ಹೋಗುತ್ತದೆ? ಫಕೀರವ್ವ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದಳು.

"ಅದನ್ನ ಖಚಿತ ಹೇಳೂದು ಕಷ್ಟ ಆಗತೈತ್ರಿ ಅವ್ವಾರ," ಎಂದು ಕುಮುದಿನಿ ಶುರುಮಾಡಿದಳು.

"ನನಗ ಸಮಾಧಾನ ಬ್ಯಾಡ್ರಿ. ಅದನ್ನ ಆ ಡಾಕ್ಟರ್ ಕೊಟ್ಟ ಕಳಸ್ಯಾರ. ನೀವು ಖರೇ ಹೇಳ್ರಿ."

ಕುಮುದಿನಿ ಖರೇ ಹೇಳಿದಳು. ಫಕೀರವ್ವ ಕೇಳಿಸು ಎಂದು ಹಟ ಹಿಡಿದಾಗ ದಾಖಲೆಯನ್ನೂ ಕೇಳಿಸಿದಳು. ತನ್ನ ದನಿ ಬಂದಾಗ ಫಕೀರವ್ವ ಸೆರಗಿನಿಂದ ಬಾಯಿ ಒತ್ತಿ ಹಿಡಿದಳು. ರೊಟ್ಟಿಯ ಸದ್ದು ಮುಗಿಯುವ ತನಕ ಹಾಗೇ ಕೂತಿದ್ದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಎಂದು ಕುಮುದಿನಿಗೆ ಅನ್ನಿಸಿತು.

"ಈ ಔಷಧ ಅವಾಗ ಇತ್ತೇನ್ರಿ?" ಎಂದು ಫಕೀರವ್ವ ಕೊನೆಗೆ ಕೇಳಿದಳು.

"ಇತ್ತು. ನೀವು ಹುಟ್ಟೂಕಿಂತ ಮದ್ಲ ಇತ್ತು. ಸುಮಾರು ನೂರು ವರ್ಷದ ಹಳೇ ಔಷಧ."

"ಎಲ್ಲಿತ್ತು?"

"ನಮ್ಮ ಆಸ್ಪತ್ರಿ ಕಪಾಟಿನ್ಯಾಗ."

"ಈ ಗೊರಕಿ ಸುದ್ದಿ? ಇದು ನಿದ್ದಿ ಅಲ್ಲ ಅನ್ನೂದು? ಅದೂ ನಿಮಗ ಗೊತ್ತಿತ್ತೇನು?"

"ಗೊತ್ತಿತ್ರಿ. ವೈದ್ಯರಿಗೆಲ್ಲಾ ಗೊತ್ತಿತ್ತು."

"ಮತ್ತ ಯಾರಿಗಿ ಹೇಳಿದ್ರಿ?"

ಕುಮುದಿನಿಗೆ ವೈದ್ಯಕೀಯ ಪತ್ರಿಕೆಗಳಿಗೆ ಬರೆದ ಪ್ರಬಂಧಗಳು, ಸಮ್ಮೇಳನಗಳಲ್ಲಿ ಹೇಳಿದ್ದು ಎಲ್ಲ ನೆನಪಾಯಿತು. ಅಲ್ಲಿ ಕೇಳುತ್ತ ಕೂತವರೆಲ್ಲ ವೈದ್ಯರೇ. ರೊಟ್ಟಿ ಬಡಿಯುವವರು ಒಬ್ಬರೂ ಇರಲಿಲ್ಲ.

"ನಾಳೆ ಇದನ್ನ ಎಲ್ಲಾರಿಗೂ ಕೇಳಸ್ರಿ," ಎಂದು ಫಕೀರವ್ವ ಎದ್ದಳು. "ನನ್ನ ದನಿ ಸೇರಿಸಿ."

"ಬ್ಯಾಡ ಅವ್ವಾರ. ಮಂದಿ ನಿಮಗ ಅಂತಾರ."

"ಅನ್ನಲಿ. ನನಗ ನಾ ಅಂದಕೊಂಡಷ್ಟು ಅವ್ರೇನ ಅಂತಾರು?"

ಮರುದಿನ ಮಧ್ಯಾಹ್ನ ಭವನ ತುಂಬಿತ್ತು. ಗಂಡಸರು ಮಲಗಿರುವ ಹೊತ್ತೇ ಹೆಂಗಸರಿಗೆ ಬಿಡುವಿನ ಹೊತ್ತು, ಅದಕ್ಕೇ ತರಗತಿ ಯಾವಾಗಲೂ ಆಗಲೇ. ಅವತ್ತು ಶರಣವ್ವನ ಸರದಿ. ಈಗ ಅವಳು ಚೆನ್ನಾಗಿ ಕಲಿತಿದ್ದಳು. ಗೊರಕೆ ಶುರುವಾದ ಕೂಡಲೇ ಸೀಸೆ ಹಿಡಿದು ಗೊಂಬೆಯ ಪಕ್ಕ ಮಂಡಿಯೂರಿ, ಭುಜಕ್ಕೆ ಕೈ ಹಾಕಿದಳು.

ಆಗ ಗೊಂಬೆಯ ಮಗ್ಗುಲಿನಿಂದ ದಾವಲನ ದನಿ ಬಂತು. ಅದರ ಹಿಂದೆಯೇ, "ಶ್! ಎಬ್ಬಿಸಬ್ಯಾಡ. ರಾತ್ರಿಯೆಲ್ಲಾ ದುಡದ ಬಂದಾನ."

ಶರಣವ್ವನ ಕೈ ನಿಂತಿತು. ಅವಳು ತಲೆಯೆತ್ತಿ ಫಕೀರವ್ವನ ಕಡೆ ನೋಡಿದಳು. ಎಲ್ಲರೂ ನೋಡಿದರು. ಹಿರಿಯಳು, ಹೆತ್ತವಳು, ಅದೂ ಸತ್ತವನ ತಾಯಿ, ಬೇಡ ಎನ್ನುತ್ತಿದ್ದಾಳೆ. ಫಕೀರವ್ವ ಗೋಡೆಗೊರಗಿ ಸುಮ್ಮನೆ ಕೂತಿದ್ದಳು, ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ರೊಟ್ಟಿ ಬಡಿಯುವ ಸದ್ದು ಭವನದ ತುಂಬ ಕೇಳುತ್ತಿತ್ತು. ಶರಣವ್ವ ಕೈಯಲ್ಲಿ ಮದ್ದು ಹಿಡಿದುಕೊಂಡು, ಏನು ಮಾಡಬೇಕೆಂದು ಪೂರ್ತಿ ತಿಳಿದುಕೊಂಡು, ಅಪ್ಪಣೆಗಾಗಿ ಕಾದಳು. ಅಷ್ಟರಲ್ಲಿ ಗೊರಕೆ ನಿಂತುಹೋಯಿತು. ದಿನಾ ಬದುಕುತ್ತಿದ್ದ ಮೈಲಾರಿ ಅವತ್ತು ಎಲ್ಲರ ಕಣ್ಣೆದುರಿಗೇ ತಣ್ಣಗಾದ.

"ಅವ್ವಾ, ನೀ ಬ್ಯಾಡ ಅಂದಿ..." ಎಂದು ಶರಣವ್ವ ತೊದಲಿದಳು.

"ನಾ ಅಂದೆ," ಎಂದಳು ಫಕೀರವ್ವ. "ನೀ ಯಾಕ ಕೇಳಿದಿ?"

ಫಕೀರವ್ವ ಗೋಡೆ ಬಿಟ್ಟು ಅವಳ ಹತ್ತಿರ ಸರಿದಳು.

"ನಿನ್ನ ಗಂಡ ಎಲ್ಲದಾನೀಗ?"

"ಮನ್ಯಾಗ. ಮಲಗ್ಯಾನ."

"ನೀ ಬರೂವಾಗ ಗೊರಕಿ ಹೊಡಿಯಾಕತ್ತಿದ್ನೇನು?"

ಶರಣವ್ವ ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು, ಬರಿಗಾಲಲ್ಲೇ ಬಾಗಿಲು ದಾಟಿ ಓಡಿದಳು. ಅವಳ ಹಿಂದೆ ಇನ್ನೊಬ್ಬಳು ಎದ್ದಳು. ಆಮೇಲೆ ಇಡೀ ಭವನವೇ ಎದ್ದಿತು. ಜಮಖಾನೆ ಮುದುಡಿತು, ಬಾಗಿಲಲ್ಲಿ ನೂಕುನುಗ್ಗಲಾಯಿತು, ಬೀದಿಯ ಧೂಳಿನಲ್ಲಿ ಸೀರೆಗಳು ದಿಕ್ಕುದಿಕ್ಕಿಗೆ ಚೆದುರಿದವು.

ಒಳಗೆ ಉಳಿದವರು ಕುಮುದಿನಿ, ಫಕೀರವ್ವ ಮತ್ತು ಸತ್ತ ಗೊಂಬೆ. ಸ್ವಲ್ಪ ಹೊತ್ತಿಗೆ ಹಗಲೆಲ್ಲ ಮೌನ ಕಾಯುತ್ತಿದ್ದ ಆ ಓಣಿಗಳಿಂದ ಸದ್ದು ಏಳತೊಡಗಿತು. ಬಾಗಿಲು ಬಡಿದ ಸದ್ದು, ಹೆಸರು ಹಿಡಿದು ಕೂಗಿದ ಸದ್ದು, ಅದರ ಬೆನ್ನಿಗೇ ಗಂಡಸರ ಬೈಗುಳ. "ಹುಚ್ಚ ಹಿಡದೈತೇನ ನಿನಗ?" "ಯಾರ ಸತ್ತಾರಂತ ಹೊಯ್ಕೊಳ್ಳಾಕತ್ತಿ?" ಒಂದು ಮನೆಯಿಂದ ತಂಬಿಗೆ ಹಾರಿ ಬಂದು ಬೀದಿಗೆ ಬಿತ್ತು. ಅವತ್ತು ಆ ಊರಿನಲ್ಲಿ ಬೈಯಲಾಗದಂಥ ಗಂಡಸು ಯಾರೂ ಇರಲಿಲ್ಲ, ಅದು ಪುಣ್ಯ. ಫಕೀರವ್ವ ಕಿವಿಗೊಟ್ಟು ಒಂದೊಂದು ಮನೆಯ ಬೈಗುಳವನ್ನೂ ಗುರುತು ಹಿಡಿಯುತ್ತ ಕೂತಳು. ತನ್ನ ಮನೆಯ ದಿಕ್ಕಿನಿಂದ ಏನೂ ಕೇಳದಾದಾಗ ಅವಳಿಗೆ ಅಳು ಬಂತು. ಕುಮುದಿನಿ ಅವಳ ಪಕ್ಕ ಕೂತು ಕೈ ಹಿಡಿದುಕೊಂಡಳು.

ಇದೆಲ್ಲ ಇನ್ನೂ ಬರಬೇಕಾದ ಕಾಲದ ಮಾತು. ನಿದ್ದೆಪ್ಪ ಗೊಂಬೆಗೆ ನಾವು ಇನ್ನೂ ಬಹಳ ವರ್ಷ ಕಾಯಬೇಕು. ಮದ್ದಿಗೆ ಕಾಯಬೇಕಾಗಿಲ್ಲ, ಅದು ಇವತ್ತೇ ಆಸ್ಪತ್ರೆಯ ಕಪಾಟಿನಲ್ಲಿದೆ. ಆ ಗೊರಕೆ ನಿದ್ದೆಯಲ್ಲ ಎಂಬುದೂ ಬಲ್ಲವರಿಗೆಲ್ಲ ಇವತ್ತೇ ಗೊತ್ತಿದೆ, ಈಗ ನಿಮಗೂ ಗೊತ್ತಾಯಿತು. ಫಕೀರವ್ವ ಈಗ ಯಾವುದೋ ಊರಿನಲ್ಲಿ ಪಾಟಿಚೀಲ ಹೊತ್ತು ಶಾಲೆಗೆ ಹೋಗುವ ಹುಡುಗಿ. ಮೈಲಾರಿ ಇನ್ನೂ ಹುಟ್ಟಿಲ್ಲ.